ಓದಲು ಕನ್ನಡಕ ಬೇಡವಾಯಿತು, ರಾತ್ರಿ ರಸ್ತೆ ಕಾಣದಾಯಿತು: ಇದು ಪೊರೆಯೇ?

ಪ್ರಶ್ನೆ: ನಮ್ಮ ತಂದೆಯವರಿಗೆ 67 ವರ್ಷ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮೂತ್ರ ಸಲೀಸಾಗಿ ಹೋಗಲೆಂದು ಪ್ರಾಸ್ಟೇಟ್ ಮಾತ್ರೆಯೂ ಇದೆ. ಒಂದೂವರೆ ವರ್ಷದಲ್ಲಿ ಎರಡು ಸಲ ಕನ್ನಡಕ ಬದಲಾಯಿಸಿದ್ದೇವೆ. ವಿಚಿತ್ರವೆಂದರೆ, ಈಗ ಪೇಪರ್ ಓದಲು ಕನ್ನಡಕವೇ ಬೇಡ ಎನ್ನುತ್ತಾರೆ. ಆದರೆ ರಾತ್ರಿ ಎದುರಿನಿಂದ ವಾಹನ ಬಂದರೆ ಅದರ ಬೆಳಕು ಹರಡಿಕೊಂಡು ರಸ್ತೆಯೇ ಕಾಣುವುದಿಲ್ಲವಂತೆ. ವೈದ್ಯರು ಎರಡೂ ಕಣ್ಣಿನಲ್ಲಿ ಪೊರೆ ಶುರುವಾಗಿದೆ ಎಂದರು. ಗೋಡೆಯ ಮೇಲಿನ ಅಕ್ಷರಗಳನ್ನು ಮಾತ್ರ ಬಹುಪಾಲು ಸರಿಯಾಗಿಯೇ ಓದಿದರು. ಪೊರೆ ಬಲಿತ ಮೇಲೆ ಆಪರೇಷನ್ ಮಾಡಿಸಿ ಎಂದು ಮನೆಯ ಹಿರಿಯರು, ಡ್ರಾಪ್ಸ್ ಹಾಕಿದರೆ ಕರಗುತ್ತದೆ ಎಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಏನು ಮಾಡುವುದು?

ಉತ್ತರ: ಡ್ರಾಪ್ಸ್‌ನಿಂದ ಪೊರೆ ಕರಗುವುದಿಲ್ಲ. ಬಲಿಯಲಿ ಎಂದು ಕಾಯಬೇಕಾಗಿಯೂ ಇಲ್ಲ. ಹಾಗೆಂದು ನಾಳೆಯೇ ಆಪರೇಷನ್ ಟೇಬಲ್ ಹತ್ತಬೇಕಾದ ಅವಸರವೂ ನೀವು ಬರೆದಿರುವುದರಲ್ಲಿ ಕಾಣುತ್ತಿಲ್ಲ. ಆದರೆ ಎರಡು ಕೆಲಸ ತಡವಾಗಬಾರದು. ಪಾಪೆ (ಕಣ್ಣಿನ ನಡುವಿನ ಕಪ್ಪು ಕಿಂಡಿ) ಹಿಗ್ಗಿಸಿ ಅಕ್ಷಿಪಟಲದ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪರದೆಯ) ಪರೀಕ್ಷೆ ಆಗಿದೆಯೇ ಕೇಳಿ, ಆಗಿಲ್ಲದಿದ್ದರೆ ಮಾಡಿಸಿ. ಪ್ರಾಸ್ಟೇಟ್ ಮಾತ್ರೆಯ ಹೆಸರನ್ನು ಕಣ್ಣಿನ ವೈದ್ಯರ ಚೀಟಿಯಲ್ಲಿ ಬರೆಸಿ. ಮತ್ತೆ, ನಿರ್ಧಾರ ಆಗುವವರೆಗೆ ರಾತ್ರಿ ಹೊತ್ತು ತಂದೆಯವರು ವಾಹನ ಓಡಿಸುವುದು ಬೇಡ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ಪೊರೆ ಕಣ್ಣಿನ ಮೇಲ್ಮೈಯಲ್ಲಿ ಬೆಳೆಯುವ ವಸ್ತುವಲ್ಲ. ಕಪ್ಪುಗುಡ್ಡೆಯ ಮೇಲೆ ಮೂಗಿನ ಕಡೆಯಿಂದ ಹಬ್ಬುವ ಮಾಂಸದ ಹಾಳೆ ಬೇರೆ, ವಯಸ್ಸಾದವರ ಕಪ್ಪುಗುಡ್ಡೆಯ ಅಂಚಿನಲ್ಲಿ ಕಾಣುವ ಬೂದುಬಿಳಿ ಉಂಗುರವೂ ಬೇರೆ. ಪೊರೆ ಇರುವುದು ಪಾಪೆಯ ಹಿಂದೆ, ಮಸೂರದ (ಕಣ್ಣಿನ ಸಹಜ ಲೆನ್ಸಿನ) ಒಳಗೆ. ಸರಿಯಾಗಿ ಹೇಳಬೇಕೆಂದರೆ, ಮಸೂರವೇ ಪಾರದರ್ಶಕತೆ ಕಳೆದುಕೊಂಡ ಸ್ಥಿತಿ ಅದು. ವಯಸ್ಕರ ಮಸೂರ ಸುಮಾರು 9ರಿಂದ 10 ಮಿ.ಮೀ. ಅಗಲ, 4ರಿಂದ 5 ಮಿ.ಮೀ. ದಪ್ಪ. ಅದರ ಮೂರನೇ ಎರಡು ಭಾಗ ನೀರು, ಉಳಿದ ಒಂದು ಭಾಗದಲ್ಲಿ ಹೆಚ್ಚುಕಡಿಮೆ ಎಲ್ಲವೂ ಪ್ರೋಟೀನು. ದೇಹದಲ್ಲಿ ತೀರಾ ದಟ್ಟವಾಗಿ ಪ್ರೋಟೀನು ತುಂಬಿರುವ ಜಾಗಗಳಲ್ಲಿ ಇದೂ ಒಂದು. ಇಷ್ಟು ದಟ್ಟವಾಗಿದ್ದೂ ಬೆಳಕು ಸರಾಗ ಹಾದುಹೋಗಲು ಕಾರಣ, ಆ ಕಣಗಳು ಒಂದಕ್ಕೊಂದು ಅಂಟಿಕೊಳ್ಳದೆ ಒತ್ತೊತ್ತಾಗಿ, ಒಂದೇ ಸಮನಾಗಿ ಜೋಡಣೆಯಾಗಿರುವುದು.

ಮಸೂರಕ್ಕೆ ರಕ್ತನಾಳವಿಲ್ಲ. ಒಳಗಿನ ನಾರುಗಳಲ್ಲಿ ಕೋಶಕೇಂದ್ರವೂ ಇಲ್ಲ, ಹಾಳಾದ ಪ್ರೋಟೀನನ್ನು ತೆಗೆದು ಹೊಸದನ್ನು ತಯಾರಿಸುವ ವ್ಯವಸ್ಥೆಯೂ ಇಲ್ಲ. ಮಸೂರದ ನಡುಗೊರಟೆಯಲ್ಲಿರುವ ಪ್ರೋಟೀನು ತಾಯಿಯ ಹೊಟ್ಟೆಯಲ್ಲಿದ್ದಾಗ ತಯಾರಾದದ್ದು. 67 ವರ್ಷದವರ ಕಣ್ಣಿನಲ್ಲಿ ಅದಕ್ಕೂ ಅಷ್ಟೇ ವಯಸ್ಸು. ಹೊರಗಿನಿಂದ ಹೊಸ ಪದರಗಳು ಜೀವನಪೂರ್ತಿ ಸೇರುತ್ತಲೇ ಇರುತ್ತವೆ, ಒಳಗಿನವು ಒತ್ತಿಕೊಂಡು ಗಟ್ಟಿಯಾಗುತ್ತವೆ. ಹಾಳಾದ ಪ್ರೋಟೀನನ್ನು ಅಂಟಿಕೊಳ್ಳದಂತೆ ಹಿಡಿದಿಡುವ ಆಲ್ಫಾ ಕ್ರಿಸ್ಟಲಿನ್ ಎಂಬ ಕಾವಲು ಪ್ರೋಟೀನು ವಯಸ್ಸಾದಂತೆ ಖರ್ಚಾಗಿಬಿಡುತ್ತದೆ. ಆಮೇಲೆ ಕಣಗಳು ಗುಂಪುಗೂಡುತ್ತವೆ, ಆ ಗುಂಪುಗಳು ಬೆಳಕನ್ನು ಚೆದುರಿಸುತ್ತವೆ. ಡ್ರಾಪ್ಸ್ ಯಾಕೆ ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ. ಹೀಗೆ ಗಂಟುಕಟ್ಟಿದ ಪ್ರೋಟೀನನ್ನು ಮನುಷ್ಯರ ಕಣ್ಣಿನಲ್ಲಿ ಬಿಡಿಸಿ ಮೊದಲಿನ ಜೋಡಣೆಗೆ ತರುತ್ತದೆಂದು ಸಾಬೀತಾದ ಹನಿ ಔಷಧಿ ಇವತ್ತಿನವರೆಗೂ ಇಲ್ಲ. ಕಾರ್ನೋಸಿನ್ ಇರುವ ಡ್ರಾಪ್ಸ್‌ಗಳನ್ನು ಪೊರೆ ಕರಗಿಸುವ ಔಷಧಿಯೆಂದು ಮಾರುವುದುಂಟು, ನಂಬಬಹುದಾದ ಆಧಾರ ಅವಕ್ಕಿಲ್ಲ. ಎಲೆಯ ರಸ, ಜೇನು ಇತ್ಯಾದಿ ಮನೆಮದ್ದನ್ನು ಕಣ್ಣಿಗೆ ಬಿಡುವುದಂತೂ ಇನ್ನೂ ಅಪಾಯ. ಪೊರೆ ಹಾಗೇ ಉಳಿಯುತ್ತದೆ, ಜೊತೆಗೆ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ಹುಣ್ಣಾಗಬಹುದು.

ಈಗ ಕನ್ನಡಕದ ವಿಚಿತ್ರಕ್ಕೆ ಬರೋಣ. ಪೊರೆಯಲ್ಲಿ ಮುಖ್ಯವಾಗಿ ಮೂರು ಬಗೆ. ಮಬ್ಬು ಮಸೂರದ ಯಾವ ಜಾಗದಲ್ಲಿದೆ ಎಂಬುದರ ಮೇಲೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ನಿಂತಿದೆ. ನಡುಗೊರಟೆ ಗಟ್ಟಿಯಾಗಿ ಹಳದಿಗೆ, ಆಮೇಲೆ ಕಂದುಬಣ್ಣಕ್ಕೆ ತಿರುಗುವುದು ಮೊದಲನೆಯದು. ಗಟ್ಟಿಯಾದ ಗೊರಟೆ ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಅಂದರೆ ಕಣ್ಣಿಗೆ ಮೈನಸ್ ನಂಬರ್ ಸೇರುತ್ತಾ ಹೋಗುತ್ತದೆ. ಮೈನಸ್ 2.5 ನಂಬರಿನ ಕಣ್ಣಿಗೆ ಕನ್ನಡಕವಿಲ್ಲದೆ 40 ಸೆಂ.ಮೀ. ದೂರದ ವಸ್ತು ಸ್ಪಷ್ಟ, ಅದು ಪೇಪರ್ ಹಿಡಿಯುವ ದೂರವೇ. ತಂದೆಯವರ ಚಾಳೀಸು ಹೋಗಿಲ್ಲ. ಪೊರೆ ತಂದ ಮೈನಸ್ ನಂಬರ್ ಚಾಳೀಸಿನ ಪ್ಲಸ್ ನಂಬರನ್ನು ಸದ್ಯಕ್ಕೆ ಸರಿತೂಗಿಸಿದೆ, ಅಷ್ಟೆ. ಬೆಲೆಯಾಗಿ ಕನ್ನಡಕವಿಲ್ಲದ ದೂರದ ನೋಟ ಹೋಗಿದೆ. ಗೊರಟೆ ಇನ್ನಷ್ಟು ಮಸುಕಾದರೆ ಹತ್ತಿರದ್ದೂ ಹೋಗುತ್ತದೆ. ಬಹಳ ಮನೆಗಳಲ್ಲಿ ಇದನ್ನು ಕಣ್ಣು ಸುಧಾರಿಸಿದ ಲಕ್ಷಣವೆಂದು ಸಂತೋಷಪಟ್ಟು, ಪರೀಕ್ಷೆ ಮುಂದೂಡುತ್ತಾರೆ. ಅರವತ್ತು ದಾಟಿದವರಿಗೆ ಓದುವ ಕನ್ನಡಕ ತಾನಾಗಿ ಬೇಡವಾಯಿತು ಎಂದರೆ ಕಣ್ಣು ತೋರಿಸಬೇಕು ಎಂದೇ ತಿಳಿಯಿರಿ. ಈ ಬಗೆಯಲ್ಲಿ ಬಣ್ಣವೂ ಮಂಕಾಗುತ್ತದೆ. ನೀಲಿ ಬೆಳಕನ್ನು ಹಳದಿ ಮಸೂರ ತಡೆಯುವುದರಿಂದ ಕಡುನೀಲಿ, ಕಪ್ಪು, ಕಂದು ಒಂದೇ ಥರ ಕಾಣುತ್ತವೆ. ಎರಡು ಕಣ್ಣಿಗೂ ನಿಧಾನವಾಗಿ ಆಗುವುದರಿಂದ ಅವರಿಗೇ ಗೊತ್ತಾಗಿರುವುದಿಲ್ಲ.

ಎರಡನೆಯ ಬಗೆಯಲ್ಲಿ ಮಸೂರದ ಅಂಚಿನಿಂದ ನಡುವಿನ ಕಡೆಗೆ ಚಕ್ರದ ಅರಗಳಂತೆ ಬಿಳಿ ಗೀರುಗಳು ಬೆಳೆಯುತ್ತವೆ. ಗೀರುಗಳು ಅಂಚಿನಲ್ಲೇ ಇರುವಷ್ಟು ದಿನ ಹಗಲಿನಲ್ಲಿ ಏನೂ ತೊಂದರೆಯಿಲ್ಲ. ಕತ್ತಲಲ್ಲಿ ಪಾಪೆ ಹಿಗ್ಗಿದಾಗ ಅವು ಬೆಳಕಿನ ದಾರಿಗೆ ಬಂದು, ದೀಪಗಳು ಕೋರೈಸಲು ಶುರುವಾಗುತ್ತವೆ. ಮೂರನೆಯದು ಮಸೂರದ ಹಿಂದಿನ ಮುಖದಲ್ಲಿ, ಸರಿಯಾಗಿ ನಡುವೆ ಕೂರುವ ಮಬ್ಬು. ಗಾತ್ರದಲ್ಲಿ ಚಿಕ್ಕದು, ತೊಂದರೆಯಲ್ಲಿ ದೊಡ್ಡದು. ಬಿಸಿಲಿನಲ್ಲಿ ಪಾಪೆ ಕಿರಿದಾದಾಗ ಉಳಿದಿರುವ ಒಂದೇ ದಾರಿಯನ್ನು ಅದು ಅಡ್ಡಗಟ್ಟುತ್ತದೆ. ಓದುವಾಗಲೂ ಪಾಪೆ ಕಿರಿದಾಗುವುದರಿಂದ ಓದು ಮೊದಲು ಕೆಡುತ್ತದೆ. ಇದು ಉಳಿದೆರಡಕ್ಕಿಂತ ಬೇಗ, ಕೆಲವೊಮ್ಮೆ ತಿಂಗಳುಗಳಲ್ಲೇ ಹೆಚ್ಚುತ್ತದೆ. ಸ್ಟೀರಾಯ್ಡ್ ಬಳಸಿದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಕಡಿಮೆ ವಯಸ್ಸಿನವರಲ್ಲಿ ಹೆಚ್ಚಾಗಿ ಕಾಣುವುದು ಇದೇ. ಒಬ್ಬರ ಕಣ್ಣಿನಲ್ಲಿ ಎರಡು ಬಗೆ ಒಟ್ಟಿಗೆ ಇರುವುದು ತೀರಾ ಸಾಮಾನ್ಯ. ನೀವು ಬರೆದ ಲಕ್ಷಣ ನೋಡಿದರೆ ತಂದೆಯವರದು ಮೊದಲನೆಯ ಬಗೆ ಪ್ರಧಾನ ಎನಿಸುತ್ತದೆ. ಖಚಿತವಾಗಿ ಹೇಳಲು ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಪೊರೆ ಇಲ್ಲದೆಯೂ ಕನ್ನಡಕದ ನಂಬರ್ ಓಲಾಡುತ್ತದೆ. ರಕ್ತದ ಸಕ್ಕರೆ ಏರಿದಾಗ ಅದರ ಒಂದು ಭಾಗ ಮಸೂರದೊಳಗೆ ಸಾರ್ಬಿಟಾಲ್ ಆಗಿ ಮಾರ್ಪಟ್ಟು ಅಲ್ಲೇ ಉಳಿದು ನೀರೆಳೆಯುತ್ತದೆ, ನಂಬರ್ ಬದಲಾಗುತ್ತದೆ. ಏರಿದ್ದ ಸಕ್ಕರೆಯನ್ನು ಔಷಧಿಯಿಂದ ಬೇಗ ಇಳಿಸಿದಾಗ ಕೆಲವು ವಾರ ಇನ್ನೊಂದು ದಿಕ್ಕಿಗೆ ಹೊರಳುತ್ತದೆ. ಹೀಗಾಗಿ ಸಕ್ಕರೆ ಕೆಲವು ವಾರವಾದರೂ ಒಂದೇ ಮಟ್ಟದಲ್ಲಿ ನಿಲ್ಲುವ ಮೊದಲು ಹೊಸ ಕನ್ನಡಕ ಮಾಡಿಸುವುದು ದಂಡ. ಒಂದೂವರೆ ವರ್ಷದಲ್ಲಿ ಎರಡು ಕನ್ನಡಕ ಯಾಕಾಯಿತು ಎಂಬುದಕ್ಕೆ ಪೊರೆ ಒಂದೇ ಕಾರಣವೇ, ಸಕ್ಕರೆಯ ಏರಿಳಿತವೂ ಸೇರಿದೆಯೇ ಎಂದು ಹಳೆಯ ರಿಪೋರ್ಟುಗಳನ್ನು ಪಕ್ಕದಲ್ಲಿಟ್ಟು ನೋಡಿ.

ಇನ್ನು, ಅಕ್ಷರ ಸರಿಯಾಗಿ ಓದಿದರಲ್ಲ ಎಂಬ ಅನುಮಾನ. ಆ ಚಾರ್ಟು ಅಳೆಯುವುದು ಒಂದೇ ಒಂದು ಸಾಮರ್ಥ್ಯವನ್ನು: ಅಚ್ಚಬಿಳಿಯ ಮೇಲಿನ ಅಚ್ಚಕಪ್ಪು ಅಕ್ಷರ, ಮಂದ ಬೆಳಕಿನ ಕೋಣೆ, ಎದುರಿನಿಂದ ಕಣ್ಣಿಗೆ ಹೊಡೆಯುವ ದೀಪವಿಲ್ಲ. ಬೆಳಕು ಚೆದುರುವ ತೊಂದರೆ ಅಲ್ಲಿ ಬಯಲಾಗುವುದೇ ಇಲ್ಲ. ಧೂಳು ಹಿಡಿದ ಕಾರಿನ ಮುಂಗಾಜಿನ ಮೂಲಕ ಹಗಲಲ್ಲಿ ರಸ್ತೆ ಚೆನ್ನಾಗಿಯೇ ಕಾಣುತ್ತದೆ, ಎದುರಿನ ಹೆಡ್‌ಲೈಟ್ ಬಿದ್ದ ತಕ್ಷಣ ಗಾಜೇ ಬಿಳಿ ಪರದೆಯಾಗುತ್ತದೆ. ಆಗುತ್ತಿರುವುದು ಇದೇ. ಚೆದುರಿದ ಬೆಳಕು ಅಕ್ಷಿಪಟಲದ ಮೇಲೆಲ್ಲ ತೆಳುವಾಗಿ ಹರಡಿ, ಕಪ್ಪು ಬೂದಾಗಿ, ಬೂದುಬಣ್ಣದ ರಸ್ತೆಯಲ್ಲಿ ಬೂದು ಬಟ್ಟೆ ತೊಟ್ಟವರು ಮಾಯವಾಗುತ್ತಾರೆ. ಮೆಟ್ಟಿಲಿನ ಅಂಚು ಗೊತ್ತಾಗದೆ ಎಡವುವುದು, ಕಿಟಕಿಗೆ ಬೆನ್ನು ಮಾಡಿ ನಿಂತವರ ಮುಖ ಗುರುತು ಸಿಗದಿರುವುದು ಇವೂ ಇದರ ಮಕ್ಕಳೇ. ಆದ್ದರಿಂದ ವೈದ್ಯರಲ್ಲಿ ಹೋದಾಗ “ಮಬ್ಬು” ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಯಾವ ಕೆಲಸ, ಯಾವ ಹೊತ್ತು, ಯಾವ ಬೆಳಕು ಎಂದು ಹೇಳಿ. ಕಣ್ಣಿನ ಪಕ್ಕ ದೀಪ ಹಚ್ಚಿ ಅಕ್ಷರ ಓದಿಸುವ ಪರೀಕ್ಷೆ, ತೆಳುಬಣ್ಣದ ಅಕ್ಷರಗಳ ಚಾರ್ಟಿನ ಪರೀಕ್ಷೆ ಎರಡೂ ಇವೆ. ಕತ್ತಲಲ್ಲಿ ಪೂರ್ತಿ ಸಾಲು ಓದಿದವರು ದೀಪ ಹಚ್ಚಿದ ತಕ್ಷಣ ಮೂರು ನಾಲ್ಕು ಸಾಲು ಮೇಲೆ ನಿಂತುಬಿಡುವುದು ಅಪರೂಪವಲ್ಲ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಒಂದಿದೆ, ಬಹಳ ಸರಳ. ಕನ್ನಡಕ ಹಾಕಿಸಿ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ (ಗುಡ್ಡೆ ಒತ್ತಬಾರದು), ಇನ್ನೊಂದರಿಂದ ದೂರದ ಬೋರ್ಡು, ಪುಸ್ತಕದ ಸಾಲು, ಕತ್ತಲಲ್ಲಿ ಒಂದು ದೀಪ ನೋಡಲು ಹೇಳಿ. ಆಮೇಲೆ ಕಣ್ಣು ಬದಲಿಸಿ. ಚೆನ್ನಾಗಿರುವ ಕಣ್ಣು ಕೆಟ್ಟಿರುವ ಕಣ್ಣನ್ನು ವರ್ಷಗಟ್ಟಲೆ ಮುಚ್ಚಿಟ್ಟಿರುತ್ತದೆ. ಒಂದೇ ಕಣ್ಣು ತೆರೆದಾಗಲೂ ಚಂದ್ರ ಎರಡಾಗಿ, ನೆರಳು ಬಿದ್ದಂತೆ ಕಂಡರೆ ಅದು ಪೊರೆಗೆ ಹೊಂದುತ್ತದೆ. ಎರಡೂ ಕಣ್ಣು ತೆರೆದಾಗ ಮಾತ್ರ ಎರಡಾಗಿ ಕಂಡು, ಒಂದನ್ನು ಮುಚ್ಚಿದರೆ ಸರಿಹೋದರೆ ಅದು ಪೊರೆಯಲ್ಲ. ಕಣ್ಣಿನ ಸ್ನಾಯು ಅಥವಾ ನರದ ಸಮಸ್ಯೆ. ಹೊಸದಾಗಿ ಶುರುವಾಗಿದ್ದರೆ ಅದೇ ದಿನ ತೋರಿಸಬೇಕು.

ಸಕ್ಕರೆ ಕಾಯಿಲೆಯ ಮನೆಯಲ್ಲಿ ನಮ್ಮ ದೊಡ್ಡ ಭಯ ಪೊರೆಯ ಬಗ್ಗೆ ಅಲ್ಲ. ಎಲ್ಲ ಮಬ್ಬನ್ನೂ ಪೊರೆಯ ತಲೆಗೆ ಕಟ್ಟಿ, ಹಿಂದಿರುವ ಅಕ್ಷಿಪಟಲದ ತೊಂದರೆಯನ್ನು ಬಿಟ್ಟುಬಿಡುವುದರ ಬಗ್ಗೆ. ಪೊರೆಯಿಂದ ಹೋದ ನೋಟ ಆಪರೇಷನ್ ಆದ ಮೇಲೆ ಮರಳುತ್ತದೆ. ಕಣ್ಣಿನ ನರ ಹಾಳಾಗುವ ಗ್ಲಾಕೋಮಾದಿಂದ ಹೋದದ್ದು ಮರಳುವುದಿಲ್ಲ. ಸಕ್ಕರೆಯಿಂದ ಅಕ್ಷಿಪಟಲದಲ್ಲಿ ಆದ ಹಾನಿಯಲ್ಲೂ ಬಹಳಷ್ಟು ಮರಳುವುದಿಲ್ಲ. ತೀರಾ ಬಲಿಯದ ಪೊರೆ ನೋವು ಕೊಡುವುದಿಲ್ಲ, ದಿಢೀರನೆ ಬರುವುದೂ ಇಲ್ಲ. ಒಂದೇ ದಿನದಲ್ಲಿ ಕುಸಿದ ನೋಟ, ಪರದೆ ಇಳಿಬಿದ್ದಂತಾಗುವುದು, ಕಪ್ಪು ಚುಕ್ಕೆಗಳು ಸುರಿಯುವುದು, ಬಾಗಿಲ ಚೌಕಟ್ಟಿನಂಥ ನೇರ ಗೆರೆಗಳು ಸೊಟ್ಟಗೆ ಕಾಣುವುದು, ನಡುವೆಯೇ ಕಪ್ಪು ಕಲೆ ಕೂತಿರುವುದು ಇವು ಯಾವುವೂ ಪೊರೆಯ ಲಕ್ಷಣಗಳಲ್ಲ. ರೆಪ್ಪೆ ಬಡಿದಾಗ ಸರಿಹೋಗಿ ಮತ್ತೆ ಮಬ್ಬಾಗುವುದಾದರೆ ಕಣ್ಣೀರಿನ ಕೊರತೆಯನ್ನು ಮೊದಲು ಅನುಮಾನಿಸಬೇಕು.

ವಯಸ್ಸು ಬಿಟ್ಟರೆ ಪೊರೆಯನ್ನು ಬೇಗ ತರುವ ಕಾರಣಗಳಲ್ಲಿ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್ ಮೊದಲ ಸಾಲಿನವು. ಸ್ಟೀರಾಯ್ಡ್ ಎಂದರೆ ಮಾತ್ರೆಯೊಂದೇ ಅಲ್ಲ. ಕಣ್ಣಿನ ಡ್ರಾಪ್ಸ್, ಹೆಚ್ಚು ಪ್ರಮಾಣದ ಇನ್ಹೇಲರ್, ಕಣ್ಣಿನ ಸುತ್ತ ವರ್ಷಗಟ್ಟಲೆ ಹಚ್ಚಿದ ಮುಲಾಮು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. (ಕೆಂಪು ಕಣ್ಣಿಗೆಂದು ಹಿಂದೊಮ್ಮೆ ಬರೆದುಕೊಟ್ಟ ಡ್ರಾಪ್ಸನ್ನು ಅಂಗಡಿಯಿಂದ ಮತ್ತೆ ಮತ್ತೆ ತಂದು ಹಾಕುವವರು ಒಮ್ಮೆ ಬಾಟಲಿಯ ಮೇಲಿನ ಹೆಸರು ಓದಿಸಿಕೊಳ್ಳಿ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಪೊರೆಯ ಜೊತೆ ಕಣ್ಣಿನ ಒತ್ತಡವನ್ನೂ ಏರಿಸಬಲ್ಲದು.) ಸಿಗರೇಟು, ಬೀಡಿ, ತೀವ್ರ ಬಿಸಿಲು, ಹಳೆಯ ಪೆಟ್ಟು, ಕಣ್ಣಿನ ಒಳಗಿನ ಉರಿಯೂತ, ಹೆಚ್ಚು ಮೈನಸ್ ನಂಬರ್, ವಿಕಿರಣ ಚಿಕಿತ್ಸೆ ಉಳಿದವು. ಧೂಮಪಾನ ಬಿಟ್ಟು, ಟೋಪಿ ಮತ್ತು ಅತಿನೇರಳೆ ಕಿರಣ ತಡೆಯುವ ಕನ್ನಡಕ ಬಳಸಿ, ಸಕ್ಕರೆ ಹತೋಟಿಯಲ್ಲಿಟ್ಟರೆ ವೇಗ ತಗ್ಗಬಹುದು. ಬಂದದ್ದು ಹಿಂದೆ ಹೋಗದು.

ಆಪರೇಷನ್ ಯಾವಾಗ ಎಂಬುದಕ್ಕೆ ಬರೋಣ. ಬಲಿಯಲಿ ಎಂಬ ಮಾತು ಹಿಂದಿನ ತಲೆಮಾರಿನ ಆಪರೇಷನ್ನಿಗೆ ಸಂಬಂಧಿಸಿದ್ದು. ಆಗ ಕಣ್ಣನ್ನು ಅಗಲವಾಗಿ ಕೊಯ್ದು ಮಸೂರವನ್ನು ಇಡಿಯಾಗಿ ಹೊರತೆಗೆಯುತ್ತಿದ್ದರು, ಒಳಗೆ ಕೃತಕ ಮಸೂರ ಇಡದೆ ದಪ್ಪ ಸೋಡಾಗ್ಲಾಸಿನ ಕನ್ನಡಕ ಕೊಡುತ್ತಿದ್ದರು. ಇಷ್ಟೆಲ್ಲ ಅನುಭವಿಸುವ ಬದಲು ಪೂರ್ತಿ ಕಾಣದಂತಾಗುವವರೆಗೆ ಕಾಯುವುದು ಅಂದಿಗೆ ನ್ಯಾಯವಾಗಿತ್ತು. ಹೆರಾಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಕೃತಕ ಮಸೂರವನ್ನು ಕಣ್ಣೊಳಗೆ ಇಟ್ಟರು. ಯುದ್ಧವಿಮಾನದ ಪೈಲಟ್‌ಗಳ ಕಣ್ಣಿಗೆ ಹೊಕ್ಕ ಪ್ಲಾಸ್ಟಿಕ್ ಚೂರುಗಳು ವರ್ಷಗಟ್ಟಲೆ ಉರಿಯೂತವಿಲ್ಲದೆ ಸುಮ್ಮನಿದ್ದದ್ದೇ ಅವರಿಗೆ ದಾರಿ ತೋರಿಸಿತ್ತು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಶ್ರವಣಾತೀತ (ಅಲ್ಟ್ರಾಸೌಂಡ್) ಕಂಪನದಿಂದ ಮಸೂರವನ್ನು ಒಳಗೇ ಪುಡಿಮಾಡಿ ಹೀರುವ ಫೇಕೋ ವಿಧಾನ ತಂದರು. ಈಗ ಲೆಕ್ಕ ತಿರುವುಮುರುವು. ಬಲಿತ, ಕಲ್ಲಿನಂತಾದ ಗೊರಟೆಯನ್ನು ಒಡೆಯಲು ಹೆಚ್ಚು ಶಕ್ತಿ ಬೇಕು. ಆ ಶಕ್ತಿ ಕಾರ್ನಿಯಾದ ಒಳಪದರದ ಕೋಶಗಳನ್ನು ಕೊಲ್ಲುತ್ತದೆ, ಮತ್ತೆ ಆ ಕೋಶಗಳು ಹುಟ್ಟುವುದಿಲ್ಲ. ಇನ್ನೂ ಕಾದರೆ ಪೊರೆ ನೀರು ತುಂಬಿ ಊದಿ ಕಣ್ಣಿನ ದ್ರವ ಹೊರಹೋಗುವ ಕೋನವನ್ನು ಒತ್ತಿ ಮುಚ್ಚಬಹುದು, ಅಥವಾ ಒಳಗಿನ ಪ್ರೋಟೀನು ಸೋರಿ ಆ ದಾರಿಯನ್ನು ಕಟ್ಟಬಹುದು. ಎರಡರಲ್ಲೂ ಒತ್ತಡ ಏಕಾಏಕಿ ಏರಿ, ಕಣ್ಣು ಕೆಂಪಾಗಿ, ವಿಪರೀತ ನೋಯುತ್ತದೆ.

ತೀರ ಬೇಗ ಮಾಡಿಸುವುದೂ ಜಾಣತನವಲ್ಲ. ಪೊರೆ ಇದೆ ಎಂದು ಚೀಟಿಯಲ್ಲಿ ಬರೆದದ್ದೇ ಆಪರೇಷನ್ನಿಗೆ ಕಾರಣವಲ್ಲ. ಕನ್ನಡಕ ಸರಿಪಡಿಸಿದ ಮೇಲೂ ಅವರಿಗೆ ಬೇಕಾದ ಕೆಲಸ ಕೆಡುತ್ತಿದೆಯೇ, ಎಡವುತ್ತಿದ್ದಾರೆಯೇ, ವಾಹನ ಓಡಿಸುವುದು ಅನಿವಾರ್ಯವೇ ಎಂಬುದು ಮುಖ್ಯ. ಪೊರೆ ಹಿಂದಿರುವ ಅಕ್ಷಿಪಟಲವನ್ನು ನೋಡಲು, ಲೇಸರ್ ಮಾಡಲು ಅಡ್ಡಿಯಾಗುತ್ತಿದ್ದರೆ ಅದು ಇನ್ನೊಂದು ಬಲವಾದ ಕಾರಣ. ನಿಮ್ಮ ತಂದೆಯವರಿಗೆ ರಾತ್ರಿ ಓಡಾಟ ಬೇಕೇಬೇಕು ಎಂದಾದರೆ, ಚಾರ್ಟಿನ ಅಂಕಿ ಚೆನ್ನಾಗಿದ್ದರೂ ಮಾಡಿಸುವುದು ತಪ್ಪಲ್ಲ. ರಾತ್ರಿ ಹೊರಗೆ ಹೋಗುವುದೇ ಇಲ್ಲ, ಹಗಲಿನ ಕೆಲಸಕ್ಕೆ ಹೊಸ ಕನ್ನಡಕ ಸಾಕು ಎಂದಾದರೆ ಆರು ತಿಂಗಳಿಗೊಮ್ಮೆ ತೋರಿಸುತ್ತಾ ಕಾಯಬಹುದು. ಕಾಯುವಷ್ಟು ದಿನ ಓದುವ ದೀಪ ಹೆಗಲ ಹಿಂದಿನಿಂದ ಬರಲಿ, ಮುಖಕ್ಕೆ ಹೊಡೆಯದಿರಲಿ. ಹಗಲಲ್ಲಿ ಅಂಚಿರುವ ಟೋಪಿ ಹಾಕಿಕೊಳ್ಳಲಿ, ಮೆಟ್ಟಿಲಿನ ಅಂಚಿಗೆ ಎದ್ದುಕಾಣುವ ಪಟ್ಟಿ ಅಂಟಿಸಿ.

ಮಾಡಿಸುವುದೆಂದಾದರೆ ಹೆಚ್ಚು ಗಮನ ಕೊಡಬೇಕಾದದ್ದು ಆಪರೇಷನ್ನಿನ ದಿನಕ್ಕಲ್ಲ, ಅದಕ್ಕೆ ಮೊದಲಿನ ಅಳತೆಗೆ. ಕೃತಕ ಮಸೂರದ ನಂಬರನ್ನು ಕಣ್ಣಿನ ಉದ್ದ ಮತ್ತು ಕಾರ್ನಿಯಾದ ಬಾಗು ನೋಡಿ ಲೆಕ್ಕ ಹಾಕುತ್ತಾರೆ. ಕಣ್ಣಿನ ಉದ್ದ ಸರಾಸರಿ 23.5 ಮಿ.ಮೀ.; ಅಳತೆಯಲ್ಲಿ 1 ಮಿ.ಮೀ. ತಪ್ಪಿದರೆ ಆಪರೇಷನ್ ನಂತರದ ಕನ್ನಡಕದ ನಂಬರ್ ಎರಡೂವರೆಯಿಂದ ಮೂರರಷ್ಟು ತಪ್ಪುತ್ತದೆ. ಕಣ್ಣಿಗೆ ತಾಗದೆ ಬೆಳಕಿನಿಂದ ಅಳೆಯುವ ಯಂತ್ರದಲ್ಲಿ ತಪ್ಪು ಕಡಿಮೆ, ಪೊರೆ ತೀರಾ ದಟ್ಟವಾಗಿದ್ದರೆ ಮಾತ್ರ ಅಲ್ಟ್ರಾಸೌಂಡ್ ಬೇಕಾಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಬಳಸುವವರು ವೈದ್ಯರು ಹೇಳಿದಷ್ಟು ದಿನ ಮೊದಲೇ ಅದನ್ನು ನಿಲ್ಲಿಸಬೇಕು, ಗಟ್ಟಿ ಲೆನ್ಸ್ ಆದರೆ ವಾರಗಳೇ ಬೇಕು. ಕಣ್ಣು ಒಣಗಿದ್ದರೆ ಬಾಗಿನ ಅಳತೆ ಪ್ರತಿಸಲವೂ ಬೇರೆ ಬರುತ್ತದೆ. ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ಅಳತೆ. ಹಿಂದೆ ಕನ್ನಡಕ ತೆಗೆಸಲು ಲೇಸರ್ ಮಾಡಿಸಿದವರು ಅದನ್ನು ಹೇಳದಿದ್ದರೆ ಲೆಕ್ಕವೇ ಕೆಡುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅಕ್ಷಿಪಟಲದ ನಡುಭಾಗದ ಓಸಿಟಿ ಸ್ಕ್ಯಾನ್ (ಬೆಳಕಿನಿಂದ ಅದರ ಪದರಗಳನ್ನು ತೋರಿಸುವ ಪರೀಕ್ಷೆ) ಮಾಡಿಸುವುದು ಒಳ್ಳೆಯದು. ಅಲ್ಲಿ ಮೊದಲೇ ಊತ ಇದ್ದರೆ ಆಪರೇಷನ್ನಿನ ನಂತರ ಅದು ಹೆಚ್ಚಬಹುದು. ಹಿಗ್ಗಿಸುವ ಹನಿ ಹಾಕಿದ ದಿನ ನಾಲ್ಕಾರು ಗಂಟೆ ಮಬ್ಬಿರುತ್ತದೆ, ಜೊತೆಗೆ ಯಾರಾದರೂ ಇರಲಿ.

ಮಸೂರದ ಆಯ್ಕೆಯಲ್ಲಿ ನಿಮ್ಮ ತಂದೆಯವರ ವಿಷಯಕ್ಕೇ ಒಂದು ಸೂಕ್ಷ್ಮವಿದೆ. ಸಾಮಾನ್ಯವಾಗಿ ಬಳಸುವ ಒಂದೇ ದೂರದ ಮಸೂರವನ್ನು ದೂರದ ನೋಟಕ್ಕೆ ಹೊಂದಿಸಿ ಇಡುತ್ತಾರೆ. ಹಾಗೆ ಇಟ್ಟ ಮಾರನೇ ದಿನ ರಸ್ತೆ ಫಳಫಳ ಕಾಣುತ್ತದೆ, ಆದರೆ ಈಗ ಕನ್ನಡಕವಿಲ್ಲದೆ ಓದುತ್ತಿರುವ ಪೇಪರ್ ಓದಲಾಗುವುದಿಲ್ಲ! ಓದಲು ಸುಮಾರು 2.5 ನಂಬರಿನ ಕನ್ನಡಕ ಬೇಕೇಬೇಕು. ಇದನ್ನು ಮೊದಲೇ ಹೇಳಿರದಿದ್ದರೆ, ಆಪರೇಷನ್ ಚೆನ್ನಾಗಿ ಆಗಿದ್ದರೂ ಕಣ್ಣು ಕೆಡಿಸಿದರು ಎಂದು ಕೊರಗುತ್ತಾರೆ. ದಿನವಿಡೀ ಓದು ಬರಹವೇ ಅವರ ಜೀವವಾದರೆ ಮಸೂರವನ್ನು ಹತ್ತಿರಕ್ಕೆ ಹೊಂದಿಸಿ, ದೂರಕ್ಕೆ ಕನ್ನಡಕ ಹಾಕಿಕೊಳ್ಳಬಹುದು. ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಸ್ವಲ್ಪ ಹತ್ತಿರಕ್ಕೆ ಹೊಂದಿಸುವುದೂ ಇದೆ. ಕಾರ್ನಿಯಾದಲ್ಲಿ ಓರೆನಂಬರ್ (ಸಿಲಿಂಡರ್ ನಂಬರ್) ಗಣನೀಯವಾಗಿದ್ದರೆ ಅದನ್ನು ಸರಿಪಡಿಸುವ ಟೋರಿಕ್ ಮಸೂರ ಉಪಯೋಗಕ್ಕೆ ಬರುತ್ತದೆ. ಅದು ತಿರುಗದೆ ನಿಲ್ಲಬೇಕು. ಒಂದು ಡಿಗ್ರಿ ತಿರುಗಿದರೆ ಪರಿಣಾಮ ಶೇ. 3ಕ್ಕಿಂತ ತುಸು ಹೆಚ್ಚು ಕುಗ್ಗುತ್ತದೆ. ದೂರ ಹತ್ತಿರ ಎರಡಕ್ಕೂ ಎನ್ನುವ ಬಹುದೂರದ ಮಸೂರಗಳು ಬರುವ ಬೆಳಕನ್ನೇ ಹಂಚುತ್ತವೆ. ಕನ್ನಡಕದ ಅವಲಂಬನೆ ತಗ್ಗುವುದು ನಿಜ, ರಾತ್ರಿ ದೀಪಗಳ ಸುತ್ತ ಬಳೆಗಳು ಕಾಣುವುದೂ ಅಷ್ಟೇ ನಿಜ. ರಾತ್ರಿ ಬೆಳಕು ಕೋರೈಸುತ್ತದೆ ಎಂಬುದೇ ಮುಖ್ಯ ತೊಂದರೆಯಾಗಿರುವ, ಸಕ್ಕರೆ ಕಾಯಿಲೆಯೂ ಇರುವ ನಿಮ್ಮ ತಂದೆಯವರಿಗೆ ಆ ಮಸೂರವನ್ನು ನಾವು ಸೂಚಿಸುವುದಿಲ್ಲ. ಹೆಚ್ಚು ಬೆಲೆಯದ್ದು ಹೆಚ್ಚು ಚೆನ್ನಾಗಿ ಕಾಣಿಸುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪ್ರಾಸ್ಟೇಟ್ ಮಾತ್ರೆಯ ವಿಷಯ. ಟ್ಯಾಮ್ಸುಲೋಸಿನ್ ಮತ್ತು ಆ ಗುಂಪಿನ ಔಷಧಿಗಳು ಪಾಪೆಯನ್ನು ಹಿಗ್ಗಿಸುವ ಸ್ನಾಯುವನ್ನೂ ಸಡಿಲಗೊಳಿಸುತ್ತವೆ. ಆಪರೇಷನ್ ನಡೆಯುವಾಗ ಪಾಪೆ ಕುಗ್ಗುತ್ತಾ ಬರುತ್ತದೆ, ಪಾಪೆಯ ಸುತ್ತಲಿನ ಬಣ್ಣದ ಪರದೆ ತೇಲಾಡಿ ಕೊಯ್ತದ ಕಡೆ ನುಗ್ಗುತ್ತದೆ. 2005ರಲ್ಲಿ ಇದನ್ನು ಗುರುತಿಸಿ ಹೆಸರಿಟ್ಟ ಮೇಲೆ ಎದುರಿಸುವ ಉಪಾಯಗಳೂ ಬಂದಿವೆ: ಪಾಪೆಯನ್ನು ಹಿಡಿದಿಡುವ ಉಂಗುರ, ಕೊಕ್ಕೆ, ಒಳಗೆ ಕೊಡುವ ಔಷಧಿ. ಗೊತ್ತಿದ್ದರೆ ಸಿದ್ಧತೆ ಇರುತ್ತದೆ, ಗೊತ್ತಿಲ್ಲದಿದ್ದರೆ ನಡುವೆ ತಿಳಿಯುತ್ತದೆ. ಮಾತ್ರೆ ನಿಲ್ಲಿಸಿ ವರ್ಷಗಳಾಗಿದ್ದರೂ ಹೇಳಿ, ಪರಿಣಾಮ ಉಳಿದಿರಬಹುದು. ಅದೇ ಕಾರಣಕ್ಕೆ ಆಪರೇಷನ್ನಿಗೆಂದು ನೀವಾಗಿ ನಿಲ್ಲಿಸುವುದರಿಂದ ಲಾಭವಿಲ್ಲ, ಮೂತ್ರ ಕಟ್ಟಿಕೊಂಡೀತು. ರಕ್ತ ತೆಳುವಾಗಿಸುವ ಮಾತ್ರೆಯನ್ನೂ ಹಾಗೇ ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಹನಿ ಹಾಕಿ ಮರಗಟ್ಟಿಸುವ ಆಪರೇಷನ್ನಿಗೆ ಸಾಮಾನ್ಯವಾಗಿ ನಿಲ್ಲಿಸುವ ಅಗತ್ಯ ಬೀಳುವುದಿಲ್ಲ.

ಆಪರೇಷನ್ ಎಂಬುದು ಹೊರಗಿನಿಂದ ನೋಡಿದರೆ 15ರಿಂದ 30 ನಿಮಿಷದ ಕೆಲಸ. ಕಣ್ಣಿಗೆ ಶೇ. 5ರ ಪೊವಿಡೋನ್ ಅಯೋಡಿನ್ ಬಿಟ್ಟು ತೊಳೆಯುತ್ತಾರೆ. ಸೋಂಕು ತಡೆಯುವಲ್ಲಿ ಇದರ ಪಾತ್ರ ದೊಡ್ಡದು. ಹನಿಯಿಂದ ಅಥವಾ ಕಣ್ಣಿನ ಸುತ್ತ ಇಂಜೆಕ್ಷನ್ನಿನಿಂದ ಮರಗಟ್ಟಿಸುತ್ತಾರೆ. ಕಾರ್ನಿಯಾದ ಅಂಚಿನಲ್ಲಿ 2.2ರಿಂದ 2.8 ಮಿ.ಮೀ. ಕೊಯ್ತ, ಒಳಗೆ ಜೆಲ್, ಮಸೂರದ ಚೀಲದ ಮುಂಭಾಗದಲ್ಲಿ 5 ಮಿ.ಮೀ.ಗಿಂತ ತುಸು ದೊಡ್ಡ ದುಂಡನೆಯ ಕಿಂಡಿ. ಚೀಲದಿಂದ ಮಸೂರವನ್ನು ನೀರಿನಿಂದ ಬಿಡಿಸಿ, ಒಡೆದು, ಹೀರಿ, ಅದೇ ಚೀಲದೊಳಗೆ ಮಡಚಿದ ಕೃತಕ ಮಸೂರ ಇಳಿಸುತ್ತಾರೆ. ಅದು ಅಲ್ಲೇ ಬಿಡಿಸಿಕೊಳ್ಳುತ್ತದೆ. ಹೊಲಿಗೆ ಸಾಮಾನ್ಯವಾಗಿ ಬೇಡ. ಕೊನೆಗೆ ಕಣ್ಣೊಳಗೆ ಆಂಟಿಬಯೋಟಿಕ್. ಇದರಲ್ಲಿ ತಪ್ಪುವ ಮುಖ್ಯ ಜಾಗ ಚೀಲದ ಹಿಂಗೋಡೆ. ನಡುವಿನಲ್ಲಿ ಅದರ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಭಾಗದಷ್ಟು. ಅದು ಹರಿದರೆ ಒಳಗಿನ ಲೋಳೆ ಮುಂದೆ ಬರುತ್ತದೆ, ಕೆಲವೊಮ್ಮೆ ಮಸೂರದ ಚೂರು ಹಿಂದಕ್ಕೆ ಬೀಳುತ್ತದೆ, ಇನ್ನೊಂದು ಆಪರೇಷನ್ ಬೇಕಾಗಬಹುದು. ನೂರರಲ್ಲಿ ಒಂದೆರಡು ಕಣ್ಣಿಗೆ ಹರಿಯುವುದುಂಟು, ಬಲಿತ ಪೊರೆಯಲ್ಲಿ ಇನ್ನೂ ಹೆಚ್ಚು. ತೀರಾ ಗಟ್ಟಿಯಾದ ಪೊರೆಗೆ ಫೇಕೋ ಬಿಟ್ಟು 6ರಿಂದ 7 ಮಿ.ಮೀ. ಸುರಂಗದಂಥ ಕೊಯ್ತದಿಂದ ಗೊರಟೆಯನ್ನು ಇಡಿಯಾಗಿ ತೆಗೆಯುವುದೇ ಕಾರ್ನಿಯಾಕ್ಕೆ ಸುರಕ್ಷಿತವಾದೀತು. ಅದನ್ನು ಹಳೆಯ ಕಾಲದ್ದು ಎಂದು ತಳ್ಳಿಹಾಕಬೇಡಿ.

ಆಮೇಲಿನ ದಿನಗಳು. ಆಂಟಿಬಯೋಟಿಕ್ ಹನಿ ಒಂದೆರಡು ವಾರ, ಸ್ಟೀರಾಯ್ಡ್ ಹನಿ ಸುಮಾರು ನಾಲ್ಕು ವಾರ ನಿಧಾನವಾಗಿ ಇಳಿಸುತ್ತಾ. ಸಕ್ಕರೆ ಕಾಯಿಲೆಯವರಿಗೆ ನಡುಭಾಗದ ಊತ ತಡೆಯಲು ಇನ್ನೊಂದು ಹನಿ ಸೇರಿಸುವುದುಂಟು. ಕೈ ತೊಳೆದು, ಕೆಳರೆಪ್ಪೆ ಎಳೆದು, ಬಾಟಲಿಯ ತುದಿ ಕಣ್ಣಿಗೆ ತಾಗದಂತೆ ಒಂದೇ ಹನಿ. ಎರಡು ಔಷಧಿಗಳ ನಡುವೆ ಐದು ನಿಮಿಷವಾದರೂ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಒಂದು ವಾರ ರಾತ್ರಿ ಕಣ್ಣಿನ ಮೇಲೆ ಕವಚ, ತಲೆಸ್ನಾನದ ನೀರು ಕಣ್ಣಿಗೆ ಬೀಳಬಾರದು, ಉಜ್ಜಲೇಬಾರದು. ಮರಳಿನಂತೆ ಚುಚ್ಚುವುದು, ನೀರು ಬರುವುದು, ಎಲ್ಲ ನೀಲಿಯಾಗಿ ಕಾಣುವುದು, ಕಿವಿಯ ಕಡೆಯ ಅಂಚಿನಲ್ಲಿ ಕಪ್ಪು ಬಾಗಿದ ನೆರಳು ಇವು ಮೊದಲ ದಿನಗಳಲ್ಲಿ ಸಹಜ. ದಿನದಿಂದ ದಿನಕ್ಕೆ ನೋಟ ಹೆಚ್ಚಬೇಕು, ನೋವು ಇಳಿಯಬೇಕು. ಇದು ಉಲ್ಟಾ ಆದರೆ, ಅಂದರೆ ಮೊದಲ ವಾರ ಹತ್ತು ದಿನದಲ್ಲಿ ನೋವು, ಕೆಂಪು ಹೆಚ್ಚಿ ನೋಟ ಇಳಿದರೆ ಒಳಗೆ ಸೋಂಕು ಎಂದೇ ಭಾವಿಸಿ ಅದೇ ಗಂಟೆ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಎನ್ನುವಂತಿಲ್ಲ. ಸಾವಿರದಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಗೆ ಬರುವುದಾದರೂ ಬಂದರೆ ಕಣ್ಣೇ ಹೋಗಬಹುದು. ಮಿಂಚು, ಹೊಸ ಚುಕ್ಕೆಗಳು, ಪರದೆ ಕಂಡರೆ ಅಕ್ಷಿಪಟಲ ಕಳಚುತ್ತಿದೆಯೇ ನೋಡಬೇಕು. ಚೆನ್ನಾಗಿದ್ದ ನೋಟ ನಾಲ್ಕಾರು ವಾರದಲ್ಲಿ ನೋವಿಲ್ಲದೆ ಮಂಕಾದರೆ ಅದು ಹೆಚ್ಚಾಗಿ ನಡುಭಾಗದ ಊತ, ಹನಿಯಿಂದಲೇ ಬಹುಪಾಲು ಇಳಿಯುತ್ತದೆ. ಹೊಸ ಕನ್ನಡಕಕ್ಕೆ ನಾಲ್ಕರಿಂದ ಆರು ವಾರ ತಡೆಯಿರಿ.

ತಿಂಗಳುಗಳು ಅಥವಾ ವರ್ಷಗಳ ನಂತರ ಮತ್ತೆ ಮಬ್ಬಾದರೆ ಪೊರೆ ಮರುಕಳಿಸಿತು ಎನ್ನುತ್ತಾರೆ. ಕೃತಕ ಮಸೂರಕ್ಕೆ ಪೊರೆ ಬರುವುದಿಲ್ಲ. ಚೀಲದಲ್ಲಿ ಉಳಿದ ಕೋಶಗಳು ಹಿಂಗೋಡೆಯ ಮೇಲೆ ಹಬ್ಬಿರುತ್ತವೆ. ಯಾಗ್ ಲೇಸರಿನಿಂದ ನಡುವೆ ಕಿಂಡಿ ಮಾಡಿದರೆ ಮುಗಿಯಿತು, ಕೊಯ್ತವಿಲ್ಲ, ಕೆಲವೇ ನಿಮಿಷದ ಕೆಲಸ.

ಎರಡನೇ ಕಣ್ಣು ಯಾವಾಗ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ತಂದೆಯವರಿಗೆ ಈಗಾಗಲೇ ಎರಡೂ ಕಣ್ಣಿಗೆ ಮೈನಸ್ ಸೇರಿದೆ. ಒಂದನ್ನು ದೂರಕ್ಕೆ ಹೊಂದಿಸಿದ ತಕ್ಷಣ ಎರಡರ ನಡುವೆ ಎರಡು ಮೂರು ನಂಬರಿನ ಅಂತರ ಬೀಳುತ್ತದೆ, ಕನ್ನಡಕದಲ್ಲಿ ಸರಿಮಾಡಲು ಹೋದರೆ ಚಿತ್ರಗಳ ಗಾತ್ರ ಬೇರೆಯಾಗಿ ಕೆಲವರಿಗೆ ತಲೆ ಸುತ್ತಬಹುದು, ಮೆಟ್ಟಿಲಿನ ಆಳ ತಪ್ಪಬಹುದು. ಮೊದಲ ಕಣ್ಣು ಚೆನ್ನಾಗಿ ಆಗಿದ್ದರೆ ಎರಡನೆಯದನ್ನು ಕೆಲವು ವಾರಗಳಲ್ಲೇ ಮುಗಿಸುವುದು ಒಳ್ಳೆಯದು, ಅಲ್ಲಿಯವರೆಗೆ ಹಳೆಯ ಕನ್ನಡಕದಿಂದ ಆಪರೇಷನ್ ಆದ ಕಡೆಯ ಗಾಜನ್ನು ತೆಗೆಸಿ ಬಳಸಿ ನೋಡಲಿ, ತಲೆ ಸುತ್ತಿದರೆ ಬೇಡ.